ಕಟ್ಟಿ ಸಾರ್ಕ್: ಚಹಾ ಓಟದಲ್ಲಿ ಹಿಂದೆ ಬಿದ್ದ ಹಡಗು ಉಣ್ಣೆ ಸಾಗಣೆಯಲ್ಲಿ ಮುಂದೆ ಬಂದದ್ದು ಹೇಗೆ? ಕ್ಯಾಪ್ಟನ್ ವುಡ್‌ಜೆಟ್ ಕೈಗುಣವೋ, ಹಡಗಿನ ಗುಣವೋ?

ಹಾಯಿಕಂಬ (ಪ್ರಶ್ನೆ)

ಕಟ್ಟಿ ಸಾರ್ಕ್ ಎಂಬ ಬ್ರಿಟಿಷ್ ಹಾಯಿಹಡಗು ಅಂದ ತಕ್ಷಣ ಎಲ್ಲರೂ ಚಹಾ ಓಟದ, ಅಂದರೆ ಚೀನಾದ ಹೊಸ ಚಹಾವನ್ನು ಲಂಡನ್ನಿಗೆ ಮೊದಲು ಮುಟ್ಟಿಸುವ ಪೈಪೋಟಿಯ ಮಾತೆತ್ತುತ್ತಾರೆ. ಆದರೆ ಇಸವಿಗಳನ್ನು ಜೋಡಿಸಿ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಹಡಗು ನೀರಿಗಿಳಿದದ್ದು 1869ರ ನವೆಂಬರ್ 22ರಂದು. ಮೊದಲ ಪ್ರಯಾಣದಲ್ಲಿ ಶಾಂಘೈಯಿಂದ 13 ಲಕ್ಷ ಪೌಂಡ್ ಚಹಾ ಹೊತ್ತು ಲಂಡನ್ ಸೇರಲು 110 ದಿನ ಹಿಡಿಯಿತು. ಕೆಟ್ಟ ಪ್ರಯಾಣವಲ್ಲ, ಆದರೆ ದಾಖಲೆಯೂ ಅಲ್ಲ. 1872ರಲ್ಲಿ ಥರ್ಮೊಪಿಲೀ ಎಂಬ ಎದುರಾಳಿ ಹಡಗಿನ ಜೊತೆಗಿನ ಓಟದಲ್ಲಿ ಒಂದು ವಾರ ಹಿಂದೆ ಬಿತ್ತು. 1877ರ ನಂತರ ಚಹಾ ಸರಕೇ ಸಿಗಲಿಲ್ಲ.

ಇನ್ನೊಂದು ಕಡೆ, 1885ರಲ್ಲಿ ರಿಚರ್ಡ್ ವುಡ್‌ಜೆಟ್ ಕ್ಯಾಪ್ಟನ್ ಆದಾಗ ಹಡಗಿಗೆ ಹದಿನಾರು ವರ್ಷ ವಯಸ್ಸು. ಕಂಬಗಳನ್ನು ಕತ್ತರಿಸಿ ಗಿಡ್ಡ ಮಾಡಿಯಾಗಿತ್ತು, ಕೆಲಸಗಾರರೂ ಮೊದಲಿಗಿಂತ ಕಡಿಮೆ. ಅಂಥ ಹಡಗನ್ನು ಅದೇ ವರ್ಷ ಸಿಡ್ನಿಯಿಂದ ಲಂಡನ್ನಿಗೆ 73 ದಿನದಲ್ಲಿ ತಂದ.

ನನ್ನ ಪ್ರಶ್ನೆ ಮೂರು. ಹಾಯಿ ಕಡಿಮೆಯಾದ ಮೇಲೆ ವೇಗ ಹೆಚ್ಚಿದ್ದು ಹೇಗೆ? ವುಡ್‌ಜೆಟ್ ಬೇರೆಯವರಿಗಿಂತ ಬೇರೆ ಏನು ಮಾಡಿದ? ಮತ್ತೆ 1889ರಲ್ಲಿ ಬ್ರಿಟಾನಿಯಾ ಎಂಬ ಉಗಿ ಹಡಗನ್ನು 17 ನಾಟ್ (ಗಂಟೆಗೆ 17 ನಾಟಿಕಲ್ ಮೈಲಿ, ಅಂದರೆ ಕಡಲ ಮೈಲಿ) ವೇಗದಲ್ಲಿ ಹಿಂದಿಕ್ಕಿತು ಅನ್ನುತ್ತಾರಲ್ಲ, ಆ ಕಾಲದ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬಹುದು?

ನಕ್ಷೆಮೇಜು

ಮೊದಲು ದಾರಿಯ ವಿಷಯ ಹೇಳುತ್ತೇನೆ. ಉತ್ತರದ ಮುಕ್ಕಾಲು ಪಾಲು ಅಲ್ಲೇ ಇದೆ.

ಚಹಾದ ಹೊಸ ಕೊಯ್ಲು ಹಡಗಿಗೆ ತುಂಬುತ್ತಿದ್ದದ್ದು ಮೇ ಕೊನೆ, ಜೂನ್ ಹೊತ್ತಿಗೆ. ಆಗ ಚೀನಾ ಸಮುದ್ರದಲ್ಲಿ ನೈಋತ್ಯ ಮಾನ್ಸೂನ್, ಅಂದರೆ ದಕ್ಷಿಣಕ್ಕೆ ಇಳಿಯುವ ಹಡಗಿಗೆ ಗಾಳಿ ನೇರ ಮುಖಕ್ಕೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹೋಗುತ್ತಾ ದಿನಕ್ಕೆ ಮೂವತ್ತು ನಲವತ್ತು ಮೈಲಿ ಗಿಟ್ಟಿಸಿದರೂ ಸಾಕೆನ್ನುವ ಸ್ಥಿತಿ. ಜಾವಾ, ಸುಮಾತ್ರಾ ನಡುವಿನ ಸುಂಡಾ ಜಲಸಂಧಿ ದಾಟಿದ ಮೇಲೆ ಆಗ್ನೇಯ ವಾಣಿಜ್ಯ ಮಾರುತ ಸಿಗುತ್ತದೆ. ಆಫ್ರಿಕಾದ ದಕ್ಷಿಣ ತುದಿಯ ಕೇಪ್ ಬಳಸಿ ಅಟ್ಲಾಂಟಿಕ್‌ಗೆ ಬಂದರೆ ಭೂಮಧ್ಯರೇಖೆಯ ಬಳಿ ಗಾಳಿಯೇ ಇಲ್ಲದ ಪಟ್ಟಿ. ಈ ಇಡೀ ದಾರಿ ಬಯಸುವುದು ಸಣ್ಣ ಗಾಳಿಯಲ್ಲೂ ಜಾರಿಕೊಂಡು ಹೋಗುವ ಹಡಗನ್ನು. ಅದರಲ್ಲಿ ಥರ್ಮೊಪಿಲೀಯದೇ ಮೇಲುಗೈ. ಕಟ್ಟಿ ಸಾರ್ಕ್‌ಗೆ ಬೇಕಾದದ್ದು ಹಿಂದಿನಿಂದ ತಳ್ಳುವ ಬಿರುಗಾಳಿ.

ಉಣ್ಣೆಯ ದಾರಿಯಲ್ಲಿ ಅದು ಯಥೇಚ್ಛ. ಹೋಗುವಾಗ ಆಫ್ರಿಕಾದ ಕೇಪ್ ಕೆಳಗಿನಿಂದ ಪೂರ್ವಕ್ಕೆ, ಬರುವಾಗ ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರ ಸುತ್ತಿ ಮತ್ತೆ ಪೂರ್ವಕ್ಕೆ. ಒಂದು ಪ್ರಯಾಣ ಅಂದರೆ ಭೂಮಿಗೆ ಒಂದು ಸುತ್ತು, ಅದರ ಅತಿ ಉದ್ದದ ಎರಡೂ ಹಂತದಲ್ಲಿ ಪಶ್ಚಿಮದ ಗಾಳಿ ಬೆನ್ನಿಗೆ. ಮೊರೆಯುವ ನಲವತ್ತು ಎಂದು ನಾವಿಕರು ಕರೆಯುವ, 40°ಯಿಂದ 50° ದಕ್ಷಿಣದ ನಡುವಿನ ಪಟ್ಟಿ ಇದೇ.

ಈಗ ವುಡ್‌ಜೆಟ್ ಏನು ಮಾಡಿದ ಎಂಬುದಕ್ಕೆ ಬರೋಣ. ಅವನಿಗಿಂತ ಮೊದಲು ಈ ಹಡಗು ನಡೆಸಿದವರಲ್ಲಿ ಯಾರೂ ಹೋಗದಷ್ಟು ದಕ್ಷಿಣಕ್ಕೆ ಇಳಿದ. ಅದರ ಲಾಭವನ್ನು ಲೆಕ್ಕದಲ್ಲೇ ನೋಡಬಹುದು. ರೇಖಾಂಶದ ಒಂದು ಡಿಗ್ರಿ ಭೂಮಧ್ಯರೇಖೆಯಲ್ಲಿ 60 ನಾಟಿಕಲ್ ಮೈಲಿ. 40° ದಕ್ಷಿಣದಲ್ಲಿ ಅದು ಸುಮಾರು 46 ಮೈಲಿ, 50°ಯಲ್ಲಿ 38.6, 55°ಯಲ್ಲಿ 34.4. ಪೂರ್ವಕ್ಕೆ ನೂರು ಡಿಗ್ರಿ ದಾಟಬೇಕಾದರೆ 40°ಯಲ್ಲಿ 4,600 ಮೈಲಿ, 50°ಯಲ್ಲಿ 3,860. ಸುಮಾರು 740 ಮೈಲಿ ಉಳಿಯಿತು, ಅಂದರೆ ಎರಡೂವರೆ ಮೂರು ದಿನ. ಸಿಡ್ನಿಯಿಂದ ಹಾರ್ನ್‌ಗೆ 142 ಡಿಗ್ರಿ ಇದೆ, ಹಾಗಾಗಿ ಬೇಗ ದಕ್ಷಿಣಕ್ಕೆ ಇಳಿದಷ್ಟೂ ದಾರಿ ಮೊಟಕಾಗುತ್ತದೆ. ಗಾಳಿ ಇನ್ನೂ ಜೋರಾಗಿ ಸಿಗುವುದು ಅದರ ಮೇಲಿನ ಲಾಭ.

ಹಾಗಾದರೆ ಎಲ್ಲರೂ ಯಾಕೆ ಇಳಿಯಲಿಲ್ಲ? ಮಂಜುಗಡ್ಡೆ. ದೊಡ್ಡ ಹಿಮಪರ್ವತ ಹಗಲಲ್ಲಿ ದೂರದಿಂದಲೇ ಕಾಣುತ್ತದೆ, ಅದರ ಭಯ ಅಷ್ಟಿಲ್ಲ. ಕೊಲ್ಲುವುದು ಅದರಿಂದ ಕಳಚಿ, ನೀರಿನ ಮಟ್ಟಕ್ಕೆ ತೇಲುವ ಮನೆಯಷ್ಟು ಗಾತ್ರದ ತುಂಡುಗಳು. ಬಿಳಿ ನೊರೆಯ ಅಲೆಗಳ ನಡುವೆ ಅವು ಕಾಣುವುದೇ ಇಲ್ಲ. ತುಂಡುಗಳು ಪರ್ವತದಿಂದ ಗಾಳಿ ಬೀಸುವ ದಿಕ್ಕಿಗೆ ಚದುರಿಕೊಂಡಿರುತ್ತವೆ, ಆದ್ದರಿಂದ ಸಾಧ್ಯವಾದರೆ ಗಾಳಿ ಬರುವ ಮಗ್ಗುಲಲ್ಲೇ ಹಾದುಹೋಗಬೇಕು. ಜೊತೆಗೆ ಅಲ್ಲಿ ದಿನಗಟ್ಟಲೆ ಮೋಡ. ನಡುಹಗಲ ಸೂರ್ಯ ಸಿಗದಿದ್ದರೆ ಅಕ್ಷಾಂಶ ಗೊತ್ತಾಗುವುದಿಲ್ಲ, ವೇಗ ಮತ್ತು ದಿಕ್ಕಿನ ಅಂದಾಜಿನ ಮೇಲೇ ಹಡಗು ನಡೆಯಬೇಕು. 14 ನಾಟ್ ವೇಗದಲ್ಲಿ ಇಪ್ಪತ್ತನಾಲ್ಕು ಗಂಟೆ ಅಂದಾಜಿನಲ್ಲಿ ಓಡಿಸುವುದಕ್ಕೆ ಗುಂಡಿಗೆ ಬೇಕು, ಸುಳ್ಳಾಡದ ಕ್ರೊನೋಮೀಟರ್ (ಕರಾರುವಾಕ್ಕಾದ ಕಡಲ ಗಡಿಯಾರ) ಕೂಡ ಬೇಕು.

ತೇಗದಹಲಗೆ

ದಾರಿಯ ಬಗ್ಗೆ ನಕ್ಷೆಮೇಜು ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಆ ದಾರಿಯಲ್ಲಿ ಬದುಕಿ ಬರುವ ಗುಣ ಒಡಲಿನಲ್ಲಿ ಮೊದಲೇ ಇತ್ತು. ಅದರ ಬೇರು ನಮ್ಮ ಕಡೆಯೇ ಇದೆ, ಇದನ್ನು ಬಹಳ ಜನ ಗಮನಿಸುವುದಿಲ್ಲ.

ಮಾಲೀಕ ಜಾನ್ ವಿಲ್ಲಿಸ್ ಬಳಿ ಟ್ವೀಡ್ ಎಂಬ ಹಡಗಿತ್ತು. ಅದು ಮೂಲತಃ ಬೊಂಬಾಯಿಯ ಹಡಗುಕಟ್ಟೆಯಲ್ಲಿ 1854ರಲ್ಲಿ ತೇಗದಲ್ಲಿ ಕಟ್ಟಿದ ಪಂಜಾಬ್ ಎಂಬ ಯುದ್ಧನೌಕೆ, ಪಕ್ಕದ ಗಾಲಿಗಳಿಂದ ನಡೆಯುತ್ತಿದ್ದ ಉಗಿ ಹಡಗು. ವಿಲ್ಲಿಸ್ ಅದನ್ನು ಕೊಂಡು, ಎಂಜಿನ್ ತೆಗೆಸಿ, ಹಾಯಿಹಡಗು ಮಾಡಿದ. ಅದು ಓಡಿದ ಓಟ ನೋಡಿ, ಹೊಸ ಹಡಗಿನ ಮೂತಿಯೂ ಹಾಗೇ ಇರಲಿ ಎಂದು ವಿನ್ಯಾಸಕಾರ ಹರ್ಕ್ಯುಲಿಸ್ ಲಿಂಟನ್‌ಗೆ ಹೇಳಿದ. ಲಿಂಟನ್ ಮೂತಿಯನ್ನು ಉಳಿಸಿಕೊಂಡ, ಹಿಂಭಾಗವನ್ನು ಮಾತ್ರ ಬದಲಿಸಿದ. ಟ್ವೀಡ್‌ನ ಹಿಂಭಾಗ ಪೀಪಾಯಿಯಂತೆ ದುಂಡಗಿತ್ತು. ಕಟ್ಟಿ ಸಾರ್ಕ್‌ಗೆ ಅಗಲವಾದ, ಚೌಕಕ್ಕೆ ಹತ್ತಿರದ ಹಿಂಭಾಗ ಕೊಟ್ಟ. ಹಿಂದಿನಿಂದ ದೊಡ್ಡ ಅಲೆ ಬಂದಾಗ ಇಂಥ ಹಿಂಭಾಗಕ್ಕೆ ತೇಲುವ ಬಲ ಹೆಚ್ಚು, ತಟ್ಟನೆ ಮೇಲೇಳುತ್ತದೆ. ಅಲೆ ಡೆಕ್ ಮೇಲೆ ಒಡೆದು ಚುಕ್ಕಾಣಿ ಹಿಡಿದವರನ್ನು ಕೊಚ್ಚಿಕೊಂಡು ಹೋಗುವ ಅಪಾಯ ಕಡಿಮೆ. ಸಣ್ಣ ಗಾಳಿಯಲ್ಲಿ ಇದೇ ಹಿಂಭಾಗ ಸ್ವಲ್ಪ ನೀರೆಳೆಯುತ್ತದೆ. ಚಹಾ ದಾರಿಯಲ್ಲಿ ದೋಷ, ಉಣ್ಣೆ ದಾರಿಯಲ್ಲಿ ವರ.

ಎರಡನೆಯದು ಕಟ್ಟುವ ಕ್ರಮ. ಒಳಗೆ ಕಬ್ಬಿಣದ ಚೌಕಟ್ಟು, ಹೊರಗೆ ಮರದ ಹಲಗೆ: ಕೆಳಗೆ ರಾಕ್ ಎಲ್ಮ್, ಮೇಲೆ ತೇಗ. ಮರದ ಪಕ್ಕೆಗಳು ತಿನ್ನುವಷ್ಟು ಜಾಗವನ್ನು ಕಬ್ಬಿಣ ತಿನ್ನುವುದಿಲ್ಲ, ಸರಕಿಗೆ ಜಾಗ ಉಳಿಯುತ್ತದೆ, ಒಡಲೂ ಬಾಗುವುದಿಲ್ಲ. ಪೂರ್ತಿ ಕಬ್ಬಿಣದ ಹಡಗನ್ನೇ ಯಾಕೆ ಕಟ್ಟಲಿಲ್ಲ ಅಂದರೆ, ಕಬ್ಬಿಣದ ತಳಕ್ಕೆ ಪಾಚಿ, ಚಿಪ್ಪುಹುಳು ಅಂಟಿಕೊಳ್ಳುತ್ತವೆ. ಬೆಚ್ಚಗಿನ ನೀರಿನಲ್ಲಿ ಕೆಲವು ತಿಂಗಳಿದ್ದರೆ ಸಾಕು, ವೇಗ ಕುಸಿಯುತ್ತದೆ. ಅದನ್ನು ತಡೆಯಲು ತಾಮ್ರದ ಹೊದಿಕೆ ಬೇಕು. ಕಬ್ಬಿಣದ ಮೇಲೆ ನೇರವಾಗಿ ತಾಮ್ರ ಹೊದಿಸಿದರೆ ಉಪ್ಪುನೀರಿನಲ್ಲಿ ಎರಡೂ ಸೇರಿ ಬ್ಯಾಟರಿಯ ಹಾಗೆ ವರ್ತಿಸಿ ಕಬ್ಬಿಣವನ್ನು ತಿಂದುಹಾಕುತ್ತವೆ. ನಡುವೆ ಮರವಿದ್ದರೆ ಆ ತೊಂದರೆ ಇಲ್ಲ. ಕಟ್ಟಿ ಸಾರ್ಕ್‌ಗೆ ಹೊದಿಸಿದ್ದು ಮುಂಟ್ಸ್ ಲೋಹ: 60 ಪಾಲು ತಾಮ್ರ, 40 ಪಾಲು ಸತು. ಹಲಗೆಗಳನ್ನು ಚೌಕಟ್ಟಿಗೆ ಬಿಗಿದ ಬೋಲ್ಟುಗಳೂ ಅದೇ ಲೋಹದವು. ಹದಿನಾರನೇ ವಯಸ್ಸಿನಲ್ಲೂ ತಳ ನುಣುಪಾಗಿ ಇದ್ದದ್ದು ಇದರಿಂದಲೇ.

ಹಾಯಿ ಕಡಿಮೆಯಾದ ವಿಷಯ: ಮೊದಲಿದ್ದ 32,000 ಚದರ ಅಡಿ ಹಾಯಿ ಸಣ್ಣ ಗಾಳಿಯ ಪ್ರತಿ ಉಸಿರನ್ನೂ ಹಿಡಿಯಲು. ತುತ್ತತುದಿಯ ಸ್ಕೈಸೇಲ್, ಅಡ್ಡಮರಗಳ ತುದಿಗೆ ಹೊರಚಾಚಿ ಕಟ್ಟುವ ಸ್ಟನ್‌ಸೇಲ್ ಇವೆಲ್ಲ ಬಿರುಗಾಳಿಯಲ್ಲಿ ಹೇಗೂ ಇಳಿಸಲೇಬೇಕಾದವು. 1880ರ ಸುಮಾರಿಗೆ ಕಂಬಗಳನ್ನು ತಗ್ಗಿಸಿದ್ದು ಖರ್ಚು ಕಡಿಮೆ ಮಾಡಲು. ಆದರೆ ಮೇಲಿನ ಭಾರ ಇಳಿದದ್ದರಿಂದ ಹಡಗು ನೆಟ್ಟಗೆ ನಿಂತಿತು, ಉಳಿದ ಹಾಯಿಗಳನ್ನು ಇನ್ನಷ್ಟು ಹೊತ್ತು ಬಿಚ್ಚಿಡಲು ಸಾಧ್ಯವಾಯಿತು.

ಬಂದರುಕಟ್ಟೆ

ಒಂದು ತಿದ್ದುಪಡಿ. ಎಲ್ಲ ಶ್ರೇಯವನ್ನೂ ವುಡ್‌ಜೆಟ್‌ಗೆ ಕೊಟ್ಟರೆ ಅವನ ಹಿಂದಿನ ಕ್ಯಾಪ್ಟನ್ ಮೂರ್‌ಗೆ ಅನ್ಯಾಯವಾಗುತ್ತದೆ. 1883ರ ಡಿಸೆಂಬರ್‌ನಲ್ಲಿ ನ್ಯೂ ಸೌತ್ ವೇಲ್ಸ್‌ನ ನ್ಯೂಕ್ಯಾಸಲ್‌ನಿಂದ 4,289 ಉಂಡಿಗೆ (ಒತ್ತಿ ಕಟ್ಟಿದ ಮೂಟೆ, ಬೇಲ್) ಉಣ್ಣೆ, 12 ಪೀಪಾಯಿ ಕೊಬ್ಬು ಹೊತ್ತು 83 ದಿನದಲ್ಲಿ ಲಂಡನ್ ಮುಟ್ಟಿಸಿದ್ದು ಮೂರ್. ಆ ಹಂಗಾಮಿನಲ್ಲಿ ಎರಡನೆಯದಾಗಿ ಬಂದ ಹಡಗಿಗಿಂತ 25 ದಿನ ಕಡಿಮೆ. ಈ ಹಡಗಿನ ತಾಕತ್ತು ಎಲ್ಲಿದೆ ಎಂದು ತೋರಿಸಿಕೊಟ್ಟವನು ಅವನು. ವುಡ್‌ಜೆಟ್ ಅದನ್ನು ಹತ್ತು ವರ್ಷ ಬಿಡದೆ ಮುಂದುವರಿಸಿದ.

ಚಹಾ ನಿಂತ ಮೇಲೆ, ಉಣ್ಣೆ ಸಿಗುವ ಮೊದಲು, ನಡುವಿನ ವರ್ಷಗಳು ಕೆಟ್ಟವು. ಕಲ್ಲಿದ್ದಲು, ಸೆಣಬು, ಸಿಕ್ಕಿದ್ದನ್ನೆಲ್ಲ ಹೊತ್ತು ಬಂದರಿನಿಂದ ಬಂದರಿಗೆ ಅಲೆದಾಟ. 1880ರಲ್ಲಿ ಹಡಗಿನ ಮೇಟ್ (ಕ್ಯಾಪ್ಟನ್‌ನ ಕೈಕೆಳಗಿನ ಅಧಿಕಾರಿ) ಖಲಾಸಿಯೊಬ್ಬನನ್ನು ಹೊಡೆದು ಕೊಂದ. ಕ್ಯಾಪ್ಟನ್ ವಾಲೇಸ್ ಅವನಿಗೆ ತಪ್ಪಿಸಿಕೊಳ್ಳಲು ಬಿಟ್ಟ, ಕೆಲಸಗಾರರು ತಿರುಗಿಬಿದ್ದರು, ಕೊನೆಗೆ ವಾಲೇಸ್ ತಾನೇ ಸಮುದ್ರಕ್ಕೆ ಹಾರಿ ಸತ್ತ. ಅವನ ನಂತರ ಬಂದ ಬ್ರೂಸ್‌ನನ್ನು 1882ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಚಾರಣೆ ನಡೆಸಿ ತೆಗೆದರು. ಆಮೇಲೆ ಮೂರ್ ಬಂದ. ಅವನ ಕೈಯಲ್ಲಿ ಹಡಗು ಮದರಾಸು, ಭೀಮುನಿಪಟ್ನಂ, ಕಾಕಿನಾಡಕ್ಕೂ ಬಂದು ಬೆಲ್ಲ, ಚರ್ಮ ಹದಮಾಡಲು ಬಳಸುವ ಅಳಲೆಕಾಯಿ, ಜಿಂಕೆ ಕೊಂಬು, ಎಮ್ಮೆ ಕೊಂಬು ತುಂಬಿಕೊಂಡು ಹೋಯಿತು. ಜಗತ್ತಿನ ಅತಿ ವೇಗದ ಹಡಗುಗಳಲ್ಲಿ ಒಂದು, ಹೊತ್ತದ್ದು ಬೆಲ್ಲ ಮತ್ತು ಅಳಲೆಕಾಯಿ!

ಹಾಯಿಕಂಬ

ಬೊಂಬಾಯಿ ನಂಟು ಗೊತ್ತೇ ಇರಲಿಲ್ಲ, ಧನ್ಯವಾದ. ಎರಡು ವಿಷಯ ಇನ್ನೂ ಬೇಕು. ಉಣ್ಣೆ ಹಗುರ, ಹಾಗಿದ್ದರೆ ಹಡಗು ಸ್ಥಿರವಾಗಿ ನಿಲ್ಲುತ್ತಿದ್ದದ್ದು ಹೇಗೆ? ಮತ್ತೆ 1872ರಲ್ಲಿ ಚುಕ್ಕಾಣಿ ಕಳಚಿದಾಗ ನಡುಸಮುದ್ರದಲ್ಲಿ ಹೊಸದು ಮಾಡಿದರು ಅನ್ನುತ್ತಾರೆ. ಅದನ್ನು ತೂಗುಹಾಕಿದ್ದಾದರೂ ಹೇಗೆ?

ಬಂದರುಕಟ್ಟೆ

ಉಣ್ಣೆ ತುಂಬುವುದು ಅಂದರೆ ತಳದಿಂದ ಶುರು. ಮೊದಲು ಕಲ್ಲು, ಅದಿರು ಮುಂತಾದ ಭಾರದ ಸರಕನ್ನು ತಳದಲ್ಲಿ ಹರಡಬೇಕು. ಇದು ಸಾಲದಿದ್ದರೆ ಹಡಗು ಗಾಳಿಗೆ ವಾಲಿ ಮತ್ತೆ ಏಳುವುದೇ ಇಲ್ಲ. ಅತಿಯಾದರೆ ಗಡುಸಾಗಿ ತಟಕ್ಕನೆ ಏಳುತ್ತದೆ, ಆ ಜಗ್ಗಾಟಕ್ಕೆ ಕಂಬಗಳೇ ಮುರಿಯಬಹುದು. ಅದರ ಮೇಲೆ ಉಂಡಿಗೆಗಳು. ದಡದಲ್ಲೇ ಒಮ್ಮೆ ಯಂತ್ರದಲ್ಲಿ ಒತ್ತಿ, ಕಬ್ಬಿಣದ ಪಟ್ಟಿ ಬಿಗಿದು ತಂದಿರುತ್ತಿದ್ದರು. ಹಡಗಿನೊಳಗೆ ಸಾಲು ತುಂಬಿದಂತೆ ಕಂಡ ಮೇಲೂ ಸ್ಕ್ರೂ ಜಾಕಿ ಇಟ್ಟು ಉಂಡಿಗೆಗಳನ್ನು ಅಗಲಿಸಿ, ನಡುವೆ ಇನ್ನೊಂದನ್ನು ತುರುಕುತ್ತಿದ್ದರು. ಬಾಡಿಗೆ ಬರುತ್ತಿದ್ದದ್ದು ತೂಕದ ಲೆಕ್ಕದಲ್ಲಿ, ಹಾಗಾಗಿ ಆ ಒಂದೊಂದು ಉಂಡಿಗೆಯೂ ದುಡ್ಡು. ಆದರೆ ಜಾಕಿಯನ್ನು ಮಿತಿಮೀರಿ ತಿರುಗಿಸಿದರೆ ಮೇಲಿನ ಡೆಕ್ಕಿನ ಹಲಗೆಗಳೇ ಎದ್ದು, ಸಂದುಗಳು ಬಿಟ್ಟುಕೊಂಡು ಮಳೆನೀರು, ಕಡಲನೀರು ಒಳಗೆ ಇಳಿಯುತ್ತದೆ. ಒದ್ದೆ ಉಣ್ಣೆ ಬಿಗಿಯಾಗಿ ಕೂತರೆ ತಾನೇ ಕಾವೇರುತ್ತದೆ, ವಾರಗಟ್ಟಲೆ ಒಳಗೊಳಗೇ ಬೆಂದು ಬೆಂಕಿ ಹಿಡಿಯುವುದೂ ಉಂಟು. ಮಂಜು ಬಿದ್ದ ಬೆಳಿಗ್ಗೆ ಉಂಡಿಗೆ ತುಂಬಲೇಬಾರದು ಅನ್ನುವುದು ಅದಕ್ಕೇ.

ಮುಂದೆ ಹಿಂದೆ ಭಾರ ಹಂಚುವುದೂ ಅಷ್ಟೇ ಮುಖ್ಯ. ಹಿಂಭಾಗ ತುಸು ತಗ್ಗಿದ್ದರೆ ಒಳ್ಳೆಯದು. ಮೂತಿ ತಗ್ಗಿದರೆ ಹಿಂದಿನಿಂದ ಬರುವ ಅಲೆಗೆ ಹಡಗು ಗಿರಕ್ಕನೆ ಅಡ್ಡ ತಿರುಗುತ್ತದೆ. ಲಂಡನ್‌ನಲ್ಲಿ ಆಗ ಉಣ್ಣೆ ಹರಾಜು ನಡೆಯುತ್ತಿದ್ದದ್ದು ಹಂಗಾಮಿನ ಸರದಿಯಲ್ಲಿ, ಒಂದು ಸರದಿ ತಪ್ಪಿದರೆ ಮುಂದಿನದಕ್ಕೆ ಕಾಯಬೇಕಿತ್ತು. ವೇಗಕ್ಕೆ ಬೆಲೆ ಬಂದದ್ದು ಅಲ್ಲಿಂದ.

ತೇಗದಹಲಗೆ

ಚುಕ್ಕಾಣಿಯ ವಿಷಯ. 1872ರ ಜೂನ್ 18ರಂದು ಎರಡೂ ಹಡಗುಗಳು ಶಾಂಘೈ ಬಿಟ್ಟವು. ಸುಂಡಾ ದಾಟಿದ ಮೇಲೆ ಕಟ್ಟಿ ಸಾರ್ಕ್ ಸುಮಾರು 400 ಮೈಲಿ ಮುಂದಿತ್ತು. ಆಗಸ್ಟ್ 15ರಂದು ಬಿರುಗಾಳಿಯಲ್ಲಿ ಚುಕ್ಕಾಣಿ ಕಳಚಿಹೋಯಿತು. ಮಾಲೀಕನ ತಮ್ಮ ಹಡಗಿನಲ್ಲೇ ಇದ್ದ, ಕೇಪ್ ಟೌನ್‌ಗೆ ಹೋಗು ಎಂದು ಪಟ್ಟುಹಿಡಿದ. ಕ್ಯಾಪ್ಟನ್ ಮೂಡಿ ಒಪ್ಪಲಿಲ್ಲ. ಬಡಗಿ ಹೆನ್ರಿ ಹೆಂಡರ್ಸನ್ ಬಿಡಿ ಮರ, ಬಿಡಿ ಕಬ್ಬಿಣದಲ್ಲಿ ಆರು ದಿನಕ್ಕೆ ಹೊಸ ಚುಕ್ಕಾಣಿ ಮಾಡಿದ. ಹೊಯ್ದಾಡುವ ಡೆಕ್ ಮೇಲೆ ಕುಲುಮೆ ಇಟ್ಟು ಕಬ್ಬಿಣ ಕಾಯಿಸುತ್ತಿದ್ದಾಗ ಅದು ಮಗುಚಿ, ಕೆಂಡ ಚೆಲ್ಲಿ ಕ್ಯಾಪ್ಟನ್‌ನ ಮಗನಿಗೆ ಸುಟ್ಟಿತು. ಹೆಂಡರ್ಸನ್‌ಗೆ 50 ಪೌಂಡ್ ಇನಾಮು ಸಿಕ್ಕಿತು.

ಚುಕ್ಕಾಣಿ ನಿಲ್ಲುವುದು ಬಾಗಿಲಿನ ತಿರುಗಣಿಯ ಹಾಗೆ: ಹಡಗಿನ ಹಿಂಗಂಬದಲ್ಲಿ ಬಳೆಗಳು, ಚುಕ್ಕಾಣಿಯಲ್ಲಿ ಗೂಟಗಳು. ತಾತ್ಕಾಲಿಕ ಚುಕ್ಕಾಣಿಯಲ್ಲಿ ಕಷ್ಟ ಎರಡು. ಮರ ತೇಲುತ್ತದೆ, ಆದ್ದರಿಂದ ಕೆಳತುದಿಗೆ ಭಾರ ಕಟ್ಟದೆ ಅದು ನೀರಿಗಿಳಿಯುವುದಿಲ್ಲ. ಇಳಿದ ಮೇಲೆ ಹಿಂಗಂಬಕ್ಕೆ ಅಂಟಿಕೊಂಡು ನಿಲ್ಲಬೇಕು, ಅದಕ್ಕೆ ಕೆಳಗಿನಿಂದ ಸರಪಣಿಗಳನ್ನು ಎರಡೂ ಪಕ್ಕಕ್ಕೆ ಎಳೆದು ಬಿಗಿಯಬೇಕು. ಹಡಗು ಮೇಲೆ ಕೆಳಗೆ ಆಡುತ್ತಿರುವಾಗ ಟನ್‌ಗಟ್ಟಲೆ ಭಾರದ ಮರ ಹಿಂಭಾಗಕ್ಕೆ ಬಡಿದರೆ ಹಲಗೆಯೇ ಒಡೆಯುತ್ತದೆ. ಕೂರಿಸಿದ ಮೇಲೂ ಜೋರಾಗಿ ಓಡಿಸುವಂತಿಲ್ಲ. ನೀರಿನ ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ: 8 ನಾಟ್‌ನಲ್ಲಿ ಇದ್ದದ್ದು 14 ನಾಟ್‌ಗೆ ಮೂರು ಪಟ್ಟು. ಹೀಗೆ ಕೈ ಹಿಡಿದುಕೊಂಡೇ ಅಕ್ಟೋಬರ್ 18ಕ್ಕೆ, ಒಟ್ಟು 122 ದಿನಕ್ಕೆ ಲಂಡನ್ ಸೇರಿದರು. ಇದನ್ನು ಸೋಲು ಎಂದು ಬರೆಯಲು ನನಗೆ ಮನಸ್ಸಾಗುವುದಿಲ್ಲ.

ನಕ್ಷೆಮೇಜು

17 ನಾಟ್ ಅಳತೆಯ ಪ್ರಶ್ನೆ ಉಳಿಯಿತು. ಅಳೆಯುತ್ತಿದ್ದದ್ದು ಹೀಗೆ. ಹಗ್ಗದ ತುದಿಗೆ ಮರದ ತ್ರಿಕೋನದ ಹಲಗೆ, ಅದು ನೀರಿನಲ್ಲಿ ನಿಂತ ಕಡೆಯೇ ನಿಲ್ಲುವಂತೆ ಅಂಚಿಗೆ ಸೀಸ. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಓಡಿತೋ ಅಷ್ಟು ನಾಟ್. 17 ನಾಟ್‌ಗೆ ಹಾಗೆ ಅಳೆದರೆ 800 ಅಡಿ ಹಗ್ಗ ಓಡುತ್ತದೆ, ಮತ್ತೆ ಎಳೆದುಕೊಳ್ಳುವುದೇ ಒಂದು ಸಾಹಸ. ಆದ್ದರಿಂದ ವೇಗದಲ್ಲಿ 14 ಸೆಕೆಂಡಿನ ಗಡಿಯಾರ ಬಳಸಿ ಬಂದದ್ದನ್ನು ಇಮ್ಮಡಿ ಮಾಡುತ್ತಿದ್ದರು. ಆಗ ಒಂದು ಸೆಕೆಂಡ್ ತಪ್ಪಿದರೆ ಒಂದು ನಾಟ್‌ಗೂ ಮೀರಿ ತಪ್ಪು. ಮರಳು ತೇವ ಹಿಡಿದು ನಿಧಾನವಾದರೆ, ಹಗ್ಗ ನೆನೆದು ಕುಗ್ಗಿದರೆ ವೇಗ ಹೆಚ್ಚು ತೋರಿಸುತ್ತದೆ. ಹೊಸ ಹಗ್ಗ ಹಿಗ್ಗಿದರೆ ಕಡಿಮೆ.

ಇನ್ನೊಂದು, ಪೂರ್ವಕ್ಕೆ ಓಡುವ ಹಡಗಿನ ದಿನ 24 ಗಂಟೆ ಇರುವುದಿಲ್ಲ. 50° ಅಕ್ಷಾಂಶದಲ್ಲಿ 300 ಮೈಲಿ ಪೂರ್ವಕ್ಕೆ ಹೋದರೆ ಮರುದಿನದ ನಡುಹಗಲು 31 ನಿಮಿಷ ಮೊದಲೇ ಬರುತ್ತದೆ. ಕಟ್ಟಿ ಸಾರ್ಕ್‌ನ ಹೆಸರಿನಲ್ಲಿರುವ 363 ಮೈಲಿಯ ದಿನದಂಥ ಅಂಕಿ ನೋಡುವಾಗ ಯಾವ ದಿನದ ಲೆಕ್ಕ ಎಂದು ಕೇಳಬೇಕು.

ಆದರೆ ಬ್ರಿಟಾನಿಯಾ ವಿಷಯಕ್ಕೆ ಈ ಅನುಮಾನ ತಟ್ಟುವುದಿಲ್ಲ. 1889ರ ಜುಲೈ ರಾತ್ರಿ ತಮ್ಮನ್ನು ಹಾಯಿಹಡಗೊಂದು ಹಿಂದಿಕ್ಕಿತು ಎಂದು ಬರೆದುಕೊಂಡದ್ದು ಆ ಉಗಿ ಹಡಗಿನವರೇ. ಅವರ ವೇಗ 15ರಿಂದ 16 ನಾಟ್. ಹಾದುಹೋದ ಹಡಗು ಅದಕ್ಕಿಂತ ಜೋರಿತ್ತು ಅನ್ನಲು ಹಗ್ಗ, ಮರಳು ಯಾವುದೂ ಬೇಡ.

ಅಷ್ಟು ವೇಗದಲ್ಲಿ ಓಡಿಸುವ ಕಲೆ ಇರುವುದು ಹಾಯಿಯನ್ನು ಇಳಿಸುವ ಹೊತ್ತಿನಲ್ಲಿ. ಹತ್ತು ಸೆಕೆಂಡ್ ಅಂತರದ ಅಲೆ 30 ನಾಟ್ ವೇಗದಲ್ಲಿ ಓಡುತ್ತದೆ, ಹಡಗನ್ನು ದಾಟಿಯೇ ದಾಟುತ್ತದೆ. ಅಲೆಯ ತುದಿ ಹಡಗಿನ ಕೆಳಗೆ ಹಾಯುವಾಗ ನೀರೂ ಹಡಗಿನ ಜೊತೆಗೇ ಚಲಿಸುವುದರಿಂದ ಚುಕ್ಕಾಣಿಗೆ ಹಿಡಿತ ಸಿಗುವುದಿಲ್ಲ. ಅಲೆಗಳ ನಡುವಿನ ತಗ್ಗಿಗೆ ಇಳಿದರೆ ಕೆಳಗಿನ ಹಾಯಿಗೆ ಗಾಳಿ ತಪ್ಪುತ್ತದೆ, ಆಗ ಎಳೆಯುವುದು ಮೇಲಿನ ಹಾಯಿ ಮಾತ್ರ. ಅದನ್ನು ಹೆದರಿ ಬೇಗ ಇಳಿಸಿದರೆ ಹಡಗು ನಿಧಾನವಾಗಿ, ಹಿಂದಿನ ಅಲೆ ಮೈಮೇಲೆ ಬೀಳುತ್ತದೆ. ತಡಮಾಡಿದರೆ ಇಳಿಸಲು ಆಗುವುದೇ ಇಲ್ಲ, ಕಂಬ ಹೋಗುತ್ತದೆ, ಇಲ್ಲವೇ ಹಡಗು ಅಡ್ಡ ತಿರುಗಿ ಮಗುಚುತ್ತದೆ. ಈ ಎರಡರ ನಡುವಿನ ಸಣ್ಣ ಸಂದಿನಲ್ಲಿ ವುಡ್‌ಜೆಟ್ ಹತ್ತು ವರ್ಷ ನಡೆಸಿದ. ಅವನ ಸಂಬಳ ವರ್ಷಕ್ಕೆ 186 ಪೌಂಡ್.

ಹಾಯಿಕಂಬ

ಮೂರೂ ಪ್ರಶ್ನೆಗೆ ಉತ್ತರ ಸಿಕ್ಕಿತು. 1895ರ ನಂತರ ವುಡ್‌ಜೆಟ್ ಏನಾದ?

ಬಂದರುಕಟ್ಟೆ

ವಿಲ್ಲಿಸ್ 1895ರಲ್ಲಿ ಹಡಗನ್ನು ಪೋರ್ಚುಗೀಸರಿಗೆ ಮಾರಿದ, ಹೆಸರು ಫೆರೇರಾ ಆಯಿತು. ವುಡ್‌ಜೆಟ್ ಅದೇ ಮಾಲೀಕನ ಇನ್ನೊಂದು ಹಡಗು ನಡೆಸಿ, ಆಮೇಲೆ ಇಂಗ್ಲೆಂಡಿನ ನಾರ್ಫಕ್‌ನಲ್ಲಿ ಬೇಸಾಯಕ್ಕೆ ಕೂತ. ಅವನಿಗೆ ಫೋಟೋ ತೆಗೆಯುವ ಹುಚ್ಚಿತ್ತು. ಎರಡು ದೋಣಿಗಳನ್ನು ಜೋಡಿಸಿ ಕಟ್ಟಿ, ಅದರ ಮೇಲೆ ಕ್ಯಾಮೆರಾ ನಿಲ್ಲಿಸಿ ನಡುಸಮುದ್ರದಲ್ಲಿ ಹಾಯಿ ಬಿಚ್ಚಿದ ತನ್ನ ಹಡಗಿನ ಚಿತ್ರ ತೆಗೆದ. ಹಿಮಪರ್ವತಗಳ ಚಿತ್ರವನ್ನೂ ತೆಗೆದಿದ್ದಾನೆ. ಹಾಯಿ, ಹಗ್ಗದ ಜೋಡಣೆ ಆಗ ನಿಜಕ್ಕೂ ಹೇಗಿತ್ತು ಎಂದು ನೋಡಬೇಕಾದರೆ ಆ ಚಿತ್ರಗಳನ್ನೇ ಹುಡುಕಿ.

1922ರಲ್ಲಿ ಕ್ಯಾಪ್ಟನ್ ಡೌಮನ್ 3,750 ಪೌಂಡ್ ಕೊಟ್ಟು ಹಡಗನ್ನು ಇಂಗ್ಲೆಂಡಿಗೆ ವಾಪಸು ತಂದ. ವುಡ್‌ಜೆಟ್ ತೀರಿಕೊಂಡದ್ದು 1928ರಲ್ಲಿ. ಹಡಗು ಮತ್ತೆ ಹಳೆಯ ಹೆಸರಿಗೆ ಮರಳಿದ್ದು ಅವನ ಕಾಲದಲ್ಲೇ.